48ಆರ್‌ಇ ಗೇರ್‌ಬಾಕ್ಸ್‌ಗೆ ಮರುಹುಟ್ಟು: ಎರಡು ಬೇಸಿಗೆ ಓಡಿಸಿದ ಮೇಲೆ

ಡಾಲಸ್‌ನಲ್ಲಿ ನಾನು ಓಡಿಸುತ್ತಿರುವ 2006ರ ಡಾಜ್ ರ‍್ಯಾಮ್ 2500 ಟ್ರಕ್ಕಿನ 5.9 ಲೀಟರ್ ಕಮಿನ್ಸ್ ಡೀಸೆಲ್ ಎಂಜಿನ್ನು ಕಾರ್ಖಾನೆಯಿಂದ ಬರುವಾಗಲೇ 325 ಅಶ್ವಶಕ್ತಿ ಮತ್ತು 610 ಪೌಂಡ್-ಅಡಿ ಟಾರ್ಕ್ ಕೊಡುವಂಥದ್ದು. ಅಷ್ಟು ಸಾಲದೆಂದು ಟ್ಯೂನರ್ (ಎಂಜಿನ್ನಿನ ಕಂಪ್ಯೂಟರಿನ ಲೆಕ್ಕಾಚಾರ ಬದಲಿಸಿ ಶಕ್ತಿ ಹೆಚ್ಚಿಸುವ ಸಾಧನ) ಕೂರಿಸಿ ಇನ್ನೂ ಸುಮಾರು 100 ಅಶ್ವಶಕ್ತಿ ಏರಿಸಿಕೊಂಡೆ. ಎಂಜಿನ್ನು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಅದರ ಹಿಂದಿದ್ದ ನಾಲ್ಕು ಗೇರಿನ 48ಆರ್‌ಇ ಆಟೊಮ್ಯಾಟಿಕ್ ಮಾತ್ರ ಒಂದೇ ಬೇಸಿಗೆಯಲ್ಲಿ ಕೈಚೆಲ್ಲಿತು.

ನ್ಯೂ ಮೆಕ್ಸಿಕೊದಿಂದ ಕೊಲರಾಡೊಗೆ ದಾಟುವ ರಟೋನ್ ಘಾಟಿಯನ್ನು ಟ್ರೇಲರ್ ಎಳೆದುಕೊಂಡು ಹತ್ತುವಾಗ, ವೇಗ ಒಂದಿಷ್ಟೂ ಹೆಚ್ಚದೆ ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರಿನ ಮುಳ್ಳು ಮಾತ್ರ ನಿಮಿಷಕ್ಕೆ 300 ಸುತ್ತು ಮೇಲಕ್ಕೆ ನೆಗೆಯಿತು. ಊರಿಗೆ ಮರಳಿ ತಳದ ಪ್ಯಾನ್ ಬಿಚ್ಚಿಸಿದರೆ, ಕೆಂಪಗಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ನಿನಂತಾಗಿ ಸೀದ ವಾಸನೆ ಹೊಡೆಯುತ್ತಿತ್ತು. ಪ್ಯಾನಿನೊಳಗಿನ ಅಯಸ್ಕಾಂತಕ್ಕೆ ಬೂದುಬಣ್ಣದ ಲೇಪ ಬೆರಳುದ್ದ ಮೆತ್ತಿಕೊಂಡಿತ್ತು. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಮೂಲ ಟಾರ್ಕ್ ಕನ್ವರ್ಟರಿನಲ್ಲಿ ಲಾಕ್-ಅಪ್‌ಗೆ, ಅಂದರೆ ಎರಡನ್ನೂ ನೇರವಾಗಿ ಬೆಸೆದು ಹಿಡಿಯುವುದಕ್ಕೆ, ಇರುವುದು ಒಂದೇ ಕ್ಲಚ್ ತಟ್ಟೆ. ಎಣ್ಣೆಯ ಒತ್ತಡದಿಂದ ಹಿಡಿದು ನಿಲ್ಲಬೇಕಾದ ಆ ತಟ್ಟೆ ಹೆಚ್ಚುವರಿ ಟಾರ್ಕಿಗೆ ಜಾರುತ್ತದೆ, ಜಾರಿದಷ್ಟೂ ಕಾಯುತ್ತದೆ, ಕಾದಷ್ಟೂ ಎಣ್ಣೆಯೂ ಉಳಿದ ಕ್ಲಚ್ಚುಗಳೂ ಸುಡುತ್ತವೆ.

ವರ್ಕ್‌ಶಾಪಿನವರು ಮೂರು ತಟ್ಟೆಯ ಕನ್ವರ್ಟರ್, ಗೇರ್‌ಬಾಕ್ಸಿನೊಳಗಿನ ಎಣ್ಣೆಯ ಒತ್ತಡ (ಲೈನ್ ಒತ್ತಡ) ಹೆಚ್ಚಿಸುವ ವಾಲ್ವ್ ಬಾಡಿ, ಇಡಿಯ ಉಕ್ಕಿನ ತುಂಡಿನಿಂದ ಕಡೆದ (ಬಿಲೆಟ್) ಇನ್‌ಪುಟ್ ಶಾಫ್ಟ್, ಹೊಸ ಕ್ಲಚ್ಚುಗಳು ಮತ್ತು ಆಳವಾದ ಅಲ್ಯೂಮಿನಿಯಂ ಪ್ಯಾನ್ ಹಾಕಿದರು. ಇವುಗಳಲ್ಲಿ ಮೊದಲಿನ ಎರಡನ್ನು ಬೇರ್ಪಡಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ: ಕನ್ವರ್ಟರ್ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಒತ್ತಿ ಹಿಡಿಯುವ ಒತ್ತಡವಿಲ್ಲದಿದ್ದರೆ ಹಣ ನೀರುಪಾಲು. ಶಾಫ್ಟು ಒಂದು ಬಗೆಯ ವಿಮೆ. ಪ್ಯಾನ್ ಇಲ್ಲದಿದ್ದರೂ ನಡೆಯುತ್ತಿತ್ತು.

ಈಗ ಅದೇ ಘಾಟಿಯಲ್ಲಿ, ಅದೇ ಟ್ರೇಲರಿನೊಂದಿಗೆ, ಹಿಂದೆ 230 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತಿದ್ದ ಎಣ್ಣೆ 190ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಲಾಕ್-ಅಪ್ ಆದಮೇಲೆ ಮುಳ್ಳು ಕದಲುವುದಿಲ್ಲ. ಅದಕ್ಕೆ ತೆರುವ ಬೆಲೆಯೆಂದರೆ, ಲಾಕ್ ಬೀಳುವಾಗ ಬೆನ್ನಿಗೆ ತಾಗುವ ಒಂದು ಜಗ್ಗು. ಹೆದ್ದಾರಿಯಲ್ಲಿ ಅದು ಹಿತವೆನಿಸಿದರೂ ಊರೊಳಗಿನ ನಿಧಾನ ಸಂಚಾರದಲ್ಲಿ ಪಕ್ಕದಲ್ಲಿ ಕುಳಿತ ನನ್ನ ಹೆಂಡತಿಗೆ ಇಂದಿಗೂ ಒಗ್ಗಿಲ್ಲ.

ಕೆಲಸದ ಅಚ್ಚುಕಟ್ಟಿನ ಬಗ್ಗೆ ಅಷ್ಟು ಹೊಗಳಲಾರೆ. ನಾಲ್ಕು ದಿನವೆಂದವರು ಹನ್ನೊಂದು ದಿನ ಇಟ್ಟುಕೊಂಡದ್ದನ್ನು ಸಹಿಸಬಹುದು. ಆದರೆ ಈ ಗೇರ್‌ಬಾಕ್ಸಿನ ಎಣ್ಣೆಯ ಮಟ್ಟವನ್ನು ಎಂಜಿನ್ನು ಬಿಸಿಯಾಗಿ ಓಡುತ್ತಿರುವಾಗ, ನ್ಯೂಟ್ರಲ್‌ನಲ್ಲಿಟ್ಟೇ ನೋಡಬೇಕು ಎಂಬುದು ಡಿಪ್‌ಸ್ಟಿಕ್ ಹಿಡಿದವರಿಗೆಲ್ಲ ಗೊತ್ತಿರಬೇಕಾದ ಸಂಗತಿ. ಅವರು ತಣ್ಣಗಿದ್ದ ಗಾಡಿಯನ್ನು ಪಾರ್ಕ್‌ನಲ್ಲಿ ನಿಲ್ಲಿಸಿಯೇ ನೋಡಿ ಕೈಗಿತ್ತಿದ್ದರು. ಮನೆಗೆ ಬಂದು ನಾನೇ ಒಂದು ಕ್ವಾರ್ಟಿಗೂ (ಸುಮಾರು ಒಂದು ಲೀಟರ್) ಹೆಚ್ಚು ಎಟಿಎಫ್+4 ಗೇರ್‌ಬಾಕ್ಸ್ ಎಣ್ಣೆ ಸುರಿಯಬೇಕಾಯಿತು. ದೂರು ಹೇಳಿದಾಗ ಎಣ್ಣೆಯ ಹಣ ಹಿಂದಿರುಗಿಸಿದರು ಎನ್ನುವುದನ್ನೂ ಹೇಳಬೇಕು.

ಒಟ್ಟು ಬಿಲ್ಲು 7,200 ಡಾಲರ್. ಇದಕ್ಕೆಲ್ಲ ಕಾರಣವಾದ ಟ್ಯೂನರಿಗೆ ನಾನು ಕೊಟ್ಟದ್ದು ಅದರ ಹತ್ತರಲ್ಲಿ ಒಂದು ಪಾಲೂ ಅಲ್ಲ.