ಹಳೆಯ ಎಲೆಕ್ಟ್ರಿಕ್ ಗಿಟಾರಿಗೆ ಹೊಸ ಲೇಪ, ಹೊಸ ವೈರಿಂಗ್: ಯಾವುದಕ್ಕೆ ದುಡ್ಡು ಹಾಕಬೇಕು?

ಸ್ಟ್ರ್ಯಾಟ್ (ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್) ಮಾದರಿಯ ಅಗ್ಗದ ಗಿಟಾರನ್ನು ಮನೆಯಲ್ಲೇ ಹೊಸದಾಗಿಸಲು ಹೊರಡುವವರು ಸಾಮಾನ್ಯವಾಗಿ ಹಣದ ಬಹುಪಾಲನ್ನು ಬಣ್ಣಕ್ಕೆ ಸುರಿದು, ಒಳಗಿನ ತಂತಿಗಳಿಗೆ ಉಳಿದ ಚಿಲ್ಲರೆಯನ್ನಷ್ಟೇ ಇಡುತ್ತಾರೆ. ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಸ್ಪ್ರೇ ಲ್ಯಾಕರ್, ಗಟ್ಟಿಕಾರಕ ಬೆರೆಸುವ ಪಿಯು (ಪಾಲಿಯುರೆಥೇನ್) ಮತ್ತು ಅರಗಿನ ಫ್ರೆಂಚ್ ಪಾಲಿಶ್ ಮೂರನ್ನೂ, ಒಳಗೆ ಬೇರೆ ಬೇರೆ ಬಿಡಿಭಾಗಗಳನ್ನೂ ಹಾಕಿ ನೋಡಿದ ಮೇಲೆ, ಈ ಲೆಕ್ಕ ತಿರುಗುಮುರುಗಾಗಬೇಕೆಂಬುದು ನನ್ನ ಅಭಿಪ್ರಾಯ.

ಹಳೆಯ ಲೇಪವನ್ನು ತೆಗೆಯುವ ವಿಷಯದಲ್ಲಿ ಆಯ್ಕೆ ಹೆಚ್ಚಿಲ್ಲ. ಕಾರ್ಖಾನೆಯ ದಪ್ಪ ಪಾಲಿಯೆಸ್ಟರ್ ಪದರಕ್ಕೆ ಸ್ಯಾಂಡ್ ಪೇಪರ್ ಹಿಡಿದರೆ ಕಾಗದ ಸವೆಯುತ್ತದೆಯೇ ಹೊರತು ಪದರ ಜಗ್ಗುವುದಿಲ್ಲ. ಹೀಟ್ ಗನ್ನಿನಿಂದ ಮೆತ್ತಗಾಗಿಸಿ ಪುಟ್ಟಿ ಬ್ಲೇಡಿನಿಂದ ಎಬ್ಬಿಸುವುದೇ ಸರಿ.

ಸ್ಪ್ರೇ ಲ್ಯಾಕರ್ ನೋಡಲು ಸುಲಭ, ಆದರೆ ತೆಳುವಾದ ಪದರಗಳು ಹಲವು ಬೇಕಾಗುವುದರಿಂದ ಡಬ್ಬಿಗಳು ಬೇಗ ಖಾಲಿಯಾಗಿ ವೆಚ್ಚ ಏರುತ್ತದೆ. ನಮ್ಮ ಜೂನ್–ಜುಲೈ ಹವೆಯಲ್ಲಿ ಇನ್ನೊಂದು ತೊಂದರೆಯಿದೆ: ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಹಿಡಿದುಕೊಳ್ಳುವುದರಿಂದ ಲೇಪದೊಳಗೆ ಹಾಲಿನಂತಹ ಬಿಳುಪು ಕೂರುತ್ತದೆ. ನೈಟ್ರೋಸೆಲ್ಯುಲೋಸ್ ಬಗೆಯದಾದರೆ, ಮೂಗಿಗೆ ಹಿಡಿದಾಗ ವಾಸನೆ ಬಾರದಷ್ಟು ಆರಲು ವಾರಗಳೇ ಬೇಕು. ಅಲ್ಲಿಯವರೆಗೆ ನೀರು ಹಾಕಿ ಉಜ್ಜುವಂತಿಲ್ಲ. ಪಿಯು ಇವೆಲ್ಲಕ್ಕಿಂತ ಗಟ್ಟಿ, ಬೆವರಿಗೂ ಬೆಲ್ಟಿನ ಬಕಲ್ಲಿಗೂ ಬಗ್ಗುವುದಿಲ್ಲ. ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮಕ್ಕಳು ಓಡಾಡುವ ಮನೆಯಲ್ಲಿ ಅದನ್ನು ಸಿಂಪಡಿಸುವುದಕ್ಕೆ ನಾನು ಯಾರಿಗೂ ಸಲಹೆ ಕೊಡಲಾರೆ.

ನನ್ನ ಮೆಚ್ಚುಗೆ ಅರಗಿಗೆ. ಈ ಊರಿಗೆ ಅದು ಹೊಸದೂ ಅಲ್ಲ. ಇಂದು ಮತದಾರರ ಬೆರಳಿಗೆ ಹಚ್ಚುವ ಶಾಯಿಯಿಂದ ಹೆಸರಾಗಿರುವ ಮೈಸೂರು ಪೇಂಟ್ಸ್, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿಯೇ ಶುರುವಾದದ್ದು. 100 ಗ್ರಾಂ ಅರಗಿನ ಚಕ್ಕೆಯನ್ನು 400 ಮಿ.ಲೀ. ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿಕೊಂಡರೆ ಸಾಕು, ಸ್ಪ್ರೇ ಗನ್ ಬೇಕಿಲ್ಲ. ಹಳೆಯ ಪಂಚೆಯ ತುಂಡಿನೊಳಗೆ ಹತ್ತಿಯಿಟ್ಟು ಕಟ್ಟಿದ ಉಂಡೆಗೆ ಪಾಲಿಶ್ ಕುಡಿಸಿ, ಮೇಲೊಂದು ತೊಟ್ಟು ಎಣ್ಣೆ ಸೋಕಿಸಿ, ಎಂಟರ ಆಕಾರದಲ್ಲಿ ನಿಲ್ಲಿಸದೆ ಎಳೆಯಬೇಕು. ಉಂಡೆ ಒಂದು ಕ್ಷಣ ನಿಂತರೂ ಕೆಳಗಿನ ಪದರ ಕರಗಿ ಬಟ್ಟೆಯ ನೆಯ್ಗೆಯ ಗುರುತು ಅಲ್ಲೇ ಅಚ್ಚಾಗುತ್ತದೆ. ಮುಂಗೈ ಒರಗುವ ಅಂಚಿನಲ್ಲಿ ಬೆವರಿಗೆ ಹೊಳಪು ಮಂಕಾಗುವುದು ಇದರ ದೌರ್ಬಲ್ಯ. ಆದರೆ ಹೊಸ ಪದರ ಹಳೆಯದರೊಳಗೆ ಕರಗಿ ಬೆರೆಯುವುದರಿಂದ ರಿಪೇರಿ ಅರ್ಧ ಗಂಟೆಯ ಕೆಲಸ, ಪಿಯುವಿನಲ್ಲಿ ಅದಕ್ಕೆ ಅವಕಾಶವಿಲ್ಲ. ಅಚ್ಚ ಬಣ್ಣದ ಗಿಟಾರ್ ಬೇಕೆನ್ನುವವರಿಗೆ ಮಾತ್ರ ಸ್ಪ್ರೇ ಅನಿವಾರ್ಯ.

ನಾದದಲ್ಲಿ ಈ ಮೂರರ ನಡುವೆ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. ಪಾಟ್, ಅಂದರೆ ವಾಲ್ಯೂಮ್ ಮತ್ತು ಟೋನ್ ಗುಂಡಿಗಳ ಕೆಳಗಿರುವ ತಿರುಗುವ ರೆಸಿಸ್ಟರ್, ಬದಲಿಸಿದಾಗ ಮಾತ್ರ ಸ್ಪಷ್ಟವಾಗಿ ಸಿಕ್ಕಿತು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಆಗಿದ್ದು, ಅದಕ್ಕೆ 500ಕೆ (500 ಕಿಲೋಓಮ್) ಪಾಟ್ ಹಾಕಿದರೆ ಮೇಲಿನ ಸ್ವರಗಳು ಚೂಪಾಗಿ ಕಿವಿ ಕೊರೆಯುತ್ತವೆ. 250ಕೆ ಆ ಚೂಪನ್ನು ಹದಕ್ಕೆ ತರುತ್ತದೆ. 500ಕೆ ಎರಡು ಸುರುಳಿಯ ಹಂಬಕರ್ ಪಿಕಪ್ಪಿಗೆ ಒಪ್ಪುತ್ತದೆ. ವಾಲ್ಯೂಮಿಗೆ ಕೊಳ್ಳುವಾಗ ಎ ಅಕ್ಷರವಿರುವ ಪಾಟನ್ನೇ ಕೇಳಿ, ಏಕೆಂದರೆ ಬಿ ಗುರುತಿನದರಲ್ಲಿ ಸದ್ದು ತಿರುಗಣೆಯ ಕೊನೆಯ ಭಾಗದಲ್ಲಿ ಒಮ್ಮೆಲೇ ಕುಸಿದಂತೆ ಕೇಳುತ್ತದೆ. ಟೋನ್ ಗುಂಡಿಗೆ ಜೋಡಿಸುವ ಕೆಪಾಸಿಟರಿನ ಬಗ್ಗೆ ಇರುವ ಭಕ್ತಿ ಮಾತ್ರ ನನಗೆ ಅರ್ಥವಾಗಿಲ್ಲ: 473 ಎಂದು ಅಚ್ಚಾದ ಕೆಲವೇ ರೂಪಾಯಿಯ ಸೆರಾಮಿಕ್ ಬಿಲ್ಲೆಗೂ, ಅದೇ 0.047 ಮೈಕ್ರೊಫ್ಯಾರಡಿನ ದುಬಾರಿ ಫಿಲ್ಮ್ ಕೆಪಾಸಿಟರಿಗೂ ನಾನು ಕಣ್ಣು ಮುಚ್ಚಿ ಕೇಳಿದಾಗ ಭೇದ ಕಾಣಲಿಲ್ಲ. ಭೇದ ಇರುವುದು ಮೌಲ್ಯದಲ್ಲಿ, 0.022 ಹಾಕಿದರೆ ಟೋನ್ ಪೂರ್ತಿ ಇಳಿಸಿದಾಗಲೂ ದನಿ ಅಷ್ಟು ಮುಚ್ಚಿಕೊಳ್ಳುವುದಿಲ್ಲ.

ಅಲ್ಲಿ ಉಳಿಸಿದ್ದನ್ನು ಒಳ್ಳೆಯ ಸೋಲ್ಡರಿಂಗ್ ಐರನ್ನಿಗೆ ಹಾಕುವುದು ಮೇಲು. 25 ವ್ಯಾಟಿನದು ಸಣ್ಣ ಕಾಲುಗಳಿಗೆ ಸಾಕಾದರೂ ಪಾಟಿನ ಬೆನ್ನನ್ನು ಬೇಗ ಕಾಯಿಸಲಾರದು. ಹೆಚ್ಚು ಹೊತ್ತು ಒತ್ತಿ ಹಿಡಿದರೆ ಒಳಗಿನ ಇಂಗಾಲದ ಪಟ್ಟಿಯೇ ಕೆಡಬಹುದು. 60 ವ್ಯಾಟಿನದರಲ್ಲಿ ಬೆಸುಗೆ ಕ್ಷಣಗಳಲ್ಲಿ ಹರಿದು ಹೊಳೆಯುತ್ತದೆ. ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯಲೆಂದು ವೈರಿಂಗ್ ಕೂರುವ ಕುಳಿಯ ಒಳಗೆ ಅಂಟಿಸಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಗ್ಗವೇನೋ ಹೌದು, ಆದರೆ ಅದಕ್ಕೆ ಸಾಧಾರಣ ಬೆಸುಗೆ ಹಿಡಿಯುವುದಿಲ್ಲ. ಕೆಲವು ನೂರು ರೂಪಾಯಿಯ ತಾಮ್ರದ ಟೇಪಿಗೆ ಹಿಡಿಯುತ್ತದೆ. ಟೇಪು ಗರಗರ ಶಬ್ದವನ್ನು ತಗ್ಗಿಸಿತೇ ವಿನಾ 50 ಹರ್ಟ್ಸಿನ ಗುಂಯ್‌ಗುಡುವಿಕೆಯನ್ನು ಪೂರ್ತಿ ತೆಗೆಯಲಿಲ್ಲ, ಏಕೆಂದರೆ ಸಿಂಗಲ್ ಕಾಯಿಲ್ ಸುತ್ತಲಿನ ಕಾಂತಕ್ಷೇತ್ರವನ್ನೇ ಹಿಡಿಯುತ್ತದೆ. ಹಾಗಾಗಿ ಟೇಪ್ ಕೊಳ್ಳುವ ಮುನ್ನ ಆಂಪ್ಲಿಫೈಯರ್ ಸಿಕ್ಕಿಸುವ ಮೂರು ಪಿನ್ನಿನ ಸಾಕೆಟ್ಟಿಗೆ ನಿಜವಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳಿ. ನುಡಿಸುವ ತಂತಿಗಳು ಕೂರುವ ಬ್ರಿಡ್ಜಿನ ಅರ್ಥ್ ತಂತಿಯ ಮೂಲಕ ನಿಮ್ಮ ಬೆರಳು ನೇರವಾಗಿ ಆ ಸಾಕೆಟ್ಟಿನೊಂದಿಗೇ ಜೋಡಿಕೊಂಡಿರುತ್ತದೆ.