ಹಳೇ ಪಿಕಪ್‌ಗೆ ಹಿಂದಿನ ಆಕ್ಸಲ್: ಬಿಚ್ಚಿ ರಿಪೇರಿನಾ, ರೀಕಂಡೀಷನ್ ಸೆಟ್ಟಾ, ಗುಜರಿದಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಗುಜರಿಯಿಂದ ಎತ್ಕೊಂಡು ಬಂದ ಪೂರ್ತಿ ಆಕ್ಸಲ್‌ಗೇ. ಹೌಸಿಂಗು (ಹೊರಗಿನ ಕವಚ), ಡಿಫರೆನ್ಷಿಯಲ್ಲು (ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಗೇರುಗಳು), ಎರಡೂ ಕಡೆ ಶಾಫ್ಟು, ಬ್ರೇಕ್ ಡ್ರಮ್ಮು ಎಲ್ಲಾ ಸೇರಿ ಇಡೀ ಸೆಟ್ಟು. ಇದೇ ಗಾಡಿಗೆ ಅದಕ್ಕೆ ಮುಂಚೆ ರಿಪೇರಿ ಮಾಡಿಸಿ ನೋಡಿದ್ದಾಯ್ತು, ಫ್ರೆಂಡ್ ಒಬ್ಬನ ಗಾಡಿಗೆ ರೀಕಂಡೀಷನ್ ಸೆಟ್ ಕೂರಿಸುವಾಗ ನಾನೂ ಕೆಳಗೆ ಮಲ್ಕೊಂಡು ಕೈ ಹಾಕಿದ್ದೆ, ಹಾಗಾಗಿ ಮೂರರದ್ದೂ ರುಚಿ ಗೊತ್ತು.

ರಿಪೇರಿ ಕಥೆ ಏನಂದ್ರೆ, ನೋಡೋಕೆ ಬೇರಿಂಗ್ ಒಂದೇ ಹೋಗಿರೋ ಥರ ಇರುತ್ತೆ. ಆದ್ರೆ ನನ್ನ ಗಾಡಿಲಿರೋ ಥರದ, ಶಾಫ್ಟೇ ಚಕ್ರದ ಭಾರಾನೂ ಹೊರೋ ಸೆಮಿ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಬೇರಿಂಗ್‌ಗೆ ಒಳಗಿನ ರೇಸ್ (ರೋಲರ್ ಉರುಳೋ ಉಕ್ಕಿನ ಬಳೆ) ಅಂತ ಬೇರೆ ಇರಲ್ಲ, ರೋಲರ್‌ಗಳು ನೇರ ಶಾಫ್ಟ್ ಮೇಲೇ ಉರುಳ್ತವೆ. ಶಾಫ್ಟ್ ಹೊರಗೆ ಎಳೆದು ಆ ಜಾಗದ ಮೇಲೆ ಉಗುರು ಆಡಿಸಿ ನೋಡಿ, ಸಿಕ್ಕಾಕ್ಕೊಂಡ್ರೆ ಆ ಶಾಫ್ಟ್ ಮುಗೀತು, ಅದರ ಮೇಲೆ ಎಂಥಾ ಹೊಸ ಬೇರಿಂಗ್ ಹಾಕಿದ್ರೂ ಮತ್ತೆ ಹೋಗುತ್ತೆ. ಅಷ್ಟೊತ್ತಿಗೆ ಕಬ್ಬಿಣದ ಪುಡಿ ಆಯಿಲ್ ಜೊತೆ ಸುತ್ತಾಡಿ ಕ್ರೌನ್ ಪಿನಿಯನ್ನೂ (ಡಿಫರೆನ್ಷಿಯಲ್‌ನ ದೊಡ್ಡ ಹಲ್ಲುಚಕ್ರ ಕ್ರೌನು, ಅದನ್ನ ತಿರುಗಿಸೋ ಚಿಕ್ಕದು ಪಿನಿಯನ್ನು) ತಿಂದಿರುತ್ತೆ.

ಕ್ರೌನ್ ಪಿನಿಯನ್ ಕೂರಿಸೋದು ಎಲ್ಲಾ ಕೈಗೂ ಬರೋ ಕೆಲಸ ಅಲ್ಲ. ಪಿನಿಯನ್ ಎಷ್ಟು ಆಳ ಕೂರಬೇಕು ಅನ್ನೋದಕ್ಕೆ ಶಿಮ್ ಅನ್ನೋ ತೆಳು ಬಿಲ್ಲೆ ಇಡಬೇಕು, ಹಲ್ಲುಗಳ ನಡುವಿನ ಪ್ಲೇ, ಅಂದ್ರೆ ಸಡಿಲ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ ಡಯಲ್ ಗೇಜ್ ಇಟ್ಟು ನೋಡಬೇಕು, ಆಮೇಲೆ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಗುರುತು ಮಧ್ಯ ಬೀಳ್ತಿದೆಯಾ ಅಂತ ಚೆಕ್ ಮಾಡಬೇಕು. ನನಗೆ ಮಾಡಿಕೊಟ್ಟ ಪುಣ್ಯಾತ್ಮ ಕೈ ಅಂದಾಜಲ್ಲೇ ಮುಗಿಸಿದ್ದ. ಆಕ್ಸಲರೇಟರ್‌ನಿಂದ ಕಾಲು ತೆಗೆದ್ರೆ ಸಾಕು, ಹಿಂದಿಂದ ಊಂ ಅಂತ ಒಂದೇ ರಾಗ. ದುಡ್ಡೂ ಹೋಯ್ತು, ಸೌಂಡೂ ಉಳೀತು.

ರೀಕಂಡೀಷನ್ ಸೆಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ನೀಟಾಗಿ ಕೂರುತ್ತೆ, ವಾರಂಟಿ ಇರುತ್ತೆ, ರೇಟ್ ಕೇಳಿದ್ರೆ ಗಾಡಿ ಮಾರಿದ್ರೂ ಅಷ್ಟು ಹುಟ್ಟುತ್ತಾ ಅನ್ಸುತ್ತೆ.

ಈಗ ಗುಜರಿದು. ಮೊದಲು ರೇಶಿಯೋ, ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಗೇರ್‌ಬಾಕ್ಸ್ ಕಡೆಯಿಂದ ಬರೋ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋದು. ಕವರ್ ಬೋಲ್ಟಲ್ಲಿ ನೇತಾಡೋ ತಗಡಿನ ಟ್ಯಾಗ್ ನಂಬಬೇಡಿ, ಯಾರು ಯಾವಾಗ ಒಳಗೆ ಏನು ಬದಲಾಯಿಸಿದಾರೋ. ಚಕ್ರ ತಿರುಗಿಸಿ ಎಣಿಸೋ ವಿಧಾನದಲ್ಲಿ 3.55ಕ್ಕೂ 3.73ಕ್ಕೂ ವ್ಯತ್ಯಾಸ ಸರಿಯಾಗಿ ಗೊತ್ತಾಗಲ್ಲ, ಕವರ್ ಬಿಚ್ಚಿ ಹಲ್ಲೇ ಎಣಿಸಿ: ಕ್ರೌನ್‌ಗೆ 41, ಪಿನಿಯನ್‌ಗೆ 11 ಇದ್ರೆ 3.73, ಪಿನಿಯನ್‌ಗೆ 10 ಇದ್ರೆ 4.10. ಫೋರ್ ವೀಲ್ ಡ್ರೈವ್ ಆದ್ರೆ ಮುಂದಿನದಕ್ಕೂ ಹಿಂದಿನದಕ್ಕೂ ಒಂದೇ ರೇಶಿಯೋ ಇರಲೇಬೇಕು, ಇಲ್ಲಾಂದ್ರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸ್ ಕಥೆ ಮುಗೀತು.

ರೇಶಿಯೋ ಹೊಂದ್ತು, ಅಗಲ ಹೊಂದ್ತು, ಸ್ಪ್ರಿಂಗ್ ಪ್ಲೇಟ್ ಕೂರೋ ಜಾಗಾನೂ ಹೊಂದ್ತು, ಎತ್ತಿ ಕೂರಿಸಿದ್ದೂ ಆಯ್ತು, ಪ್ರೊಪೆಲ್ಲರ್ ಶಾಫ್ಟ್ ಸಿಕ್ಕಿಸೋಣ ಅಂತ ಹೋದ್ರೆ ಕ್ರಾಸ್ (ಶಾಫ್ಟನ್ನೂ ಆಕ್ಸಲನ್ನೂ ಜೋಡಿಸೋ ಪ್ಲಸ್ ಆಕಾರದ ತುಂಡು) ಒಳಗೇ ಹೋಗ್ತಿಲ್ಲ! ಕಣ್ಣಿಗೆ ಎರಡೂ ಯೋಕ್ (ಕ್ರಾಸ್ ಕೂರೋ ಕವಲು) ಒಂದೇ ಥರ ಕಾಣ್ತವೆ, ವರ್ನಿಯರ್ ಹಿಡಿದ್ರೆ ಆಕ್ಸಲ್ ಕಡೆದು ಒಂದು ಸೈಜ್ ದೊಡ್ಡದು. ಮಾಡೆಲ್ ಒಂದೇ, ಬಂದ ವರ್ಷ ಬೇರೆ, ಅಷ್ಟಕ್ಕೇ ಈ ಅವತಾರ.

ಯೋಕ್ ಅದಲು ಬದಲು ಮಾಡ್ಬಿಡು ಅಂತ ಎಲ್ಲರೂ ಸಲೀಸಾಗಿ ಹೇಳ್ತಾರೆ. ಅದಕ್ಕೆ ಪಿನಿಯನ್ ನಟ್ ಬಿಚ್ಚಬೇಕು, ಅದರ ಒಳಗೆ ಒಂದು ಸಲ ಹಿಸುಕಿದ್ರೆ ಮತ್ತೆ ಉಬ್ಬದ ಕ್ರಶ್ ಸ್ಲೀವ್ ಕೂತಿರುತ್ತೆ, ಬೇರಿಂಗ್ ಬಿಗಿ ನಿಂತಿರೋದೇ ಅದರ ಮೇಲೆ. ಜಾಸ್ತಿ ಬಿಗಿ ಆದ್ರೆ ಬೇರಿಂಗ್ ಸುಟ್ಟೋಗುತ್ತೆ, ಸಡಿಲ ಆದ್ರೆ ಮತ್ತೆ ಅದೇ ಊಂ ರಾಗ. ಮಾರ್ಕ್ ಮಾಡ್ಕೊಂಡು ಬಿಚ್ಚಿ ಅದೇ ಜಾಗಕ್ಕೆ ತಂದು ಚೂರು ಜಾಸ್ತಿ ಬಿಗಿ ಮಾಡೋರೂ ಇದಾರೆ, ಚೆನ್ನಾಗಿರೋ ಡಿಫರೆನ್ಷಿಯಲ್ ಇಟ್ಕೊಂಡು ಆ ಜೂಜು ನನಗೆ ಬೇಡ ಅನ್ನಿಸ್ತು.

ಇದಕ್ಕೆ ಮದ್ದು ಕನ್ವರ್ಷನ್ ಕ್ರಾಸ್, ಅದರ ನಾಲ್ಕು ತುದಿಯ ಬೇರಿಂಗ್ ಕಪ್‌ಗಳಲ್ಲಿ ಎದುರುಬದುರು ಎರಡು ಕಪ್ ಚಿಕ್ಕ ಸೈಜು, ಇನ್ನೆರಡು ದೊಡ್ಡ ಸೈಜು. ಅಂಗಡಿಯವರು ಗಾಡಿ ಮಾಡೆಲ್ ಕೇಳ್ತಾರೆ, ಹೇಳಿ ಪ್ರಯೋಜನ ಇಲ್ಲ, ಅರ್ಧ ಗಾಡಿ ಒಂದು ವರ್ಷದ್ದು ಅರ್ಧ ಇನ್ನೊಂದು ವರ್ಷದ್ದು. ಕಪ್ ವ್ಯಾಸ, ಈ ಕಡೆಯಿಂದ ಆ ಕಡೆಗೆ ಅಳತೆ, ಕಪ್ ಜಾರದ ಹಾಗೆ ಹಿಡಿಯೋ ಲಾಕ್ ರಿಂಗ್ ಕಪ್ಪಿನ ಹೊರಗಾ ಒಳಗಾ, ಎರಡೂ ಕಡೆದೂ ಬರ್ಕೊಂಡು ಹೋಗಿ. ನಂದು ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ, ಅದಕ್ಕೇ ಅಷ್ಟು ಅಲೆದಾಟ.

ಸೀಲ್‌ಗಳನ್ನ ಆಕ್ಸಲ್ ನೆಲದ ಮೇಲಿದ್ದಾಗಲೇ ಬದಲಾಯಿಸಿ. ಹೌಸಿಂಗ್‌ನ ಗಾಳಿ ಹೊರಗೆ ಬಿಡೋ ಬ್ರೀದರ್ ಕ್ಲೀನ್ ಮಾಡಿ, ಅದು ಕಟ್ಟಿಕೊಂಡ್ರೆ ಬಿಸಿಗೆ ಒತ್ತಡ ಏರಿ ಹೊಸ ಸೀಲಿಂದಾನೂ ಆಯಿಲ್ ಬ್ರೇಕ್ ಲೈನರ್ ಮೇಲೆ ಬರುತ್ತೆ. ಆಕ್ಸಲನ್ನ ಸ್ಪ್ರಿಂಗ್‌ಗೆ ಬಿಗಿಯೋ ಯೂ ಬೋಲ್ಟ್ ಹಳೇದು ಹಾಕಲೇಬೇಡಿ.

ದಿನಾ ಲೋಡ್ ಹೊಡೆಯೋ ಗಾಡಿ ಆದ್ರೆ, ಒಂದು ದಿನ ನಿಂತ್ರೂ ಲಾಸ್ ಅನ್ನೋರಾದ್ರೆ ರೀಕಂಡೀಷನ್ ತಗೊಳ್ಳಿ, ನಾನೇನೂ ಬೇಡ ಅನ್ನಲ್ಲ. ನನ್ನ ಗಾಡಿ ಬೇಕಾದಾಗ ಮಾತ್ರ ಓಡೋದು, ರಜಾ ಇದ್ದಾಗ ಸ್ಪ್ಯಾನರ್ ಹಿಡ್ಕೊಂಡು ಕೂರೋದು ನನಗೆ ಇಷ್ಟ, ಜೇಬೂ ಅಷ್ಟೇ. ಹ್ಯಾಂಡ್‌ಬ್ರೇಕ್ ಕೇಬಲ್ ಒಂದು ಬಾಕಿ ಇದೆ, ಈ ಸೆಟ್ಟಿಂದು ಉದ್ದ ಜಾಸ್ತಿ, ಲಿವರ್ ಪೂರ್ತಿ ಎಳೆದ್ರೂ ಹಿಡೀತಿಲ್ಲ, ಅಲ್ಲೀತನಕ ಚಕ್ರಕ್ಕೆ ಕಲ್ಲು ಕೊಟ್ಟೇ ನಿಲ್ಲಿಸ್ತಾ ಇದೀನಿ.