ಯುದ್ಧ ಕಂಡವರ ಮನಸ್ಸಿಗೆ ನೆಟ್ ಬೇಕಾ, ಪಿಎಂ ಪ್ಲಸ್ ಸಾಕಾ?

ಯುದ್ಧ ಬಿಟ್ಟು ಬಂದು ವರ್ಷಗಟ್ಟಲೆ ಆದರೂ ರಾತ್ರಿ ಬಾಂಬ್ ಸದ್ದು ಕೇಳಿದಂತಾಗಿ ಬೆಚ್ಚಿ ಏಳುವವರಿಗೆ ನೆರೇಟಿವ್ ಎಕ್ಸ್‌ಪೋಶರ್ ಥೆರಪಿ, ಅಂದರೆ ನೆಟ್, ಸರಿ. ಬದುಕಿನ ಕತೆ ಹೇಳಿಸುತ್ತಾ ಆಘಾತ ಇಳಿಸುವ ಮನೋಚಿಕಿತ್ಸೆ ಇದು. ನೆಲದ ಮೇಲೆ ಹಗ್ಗ ಹಾಸುತ್ತಾರೆ, ಅದೇ ಬದುಕು. ಖುಷಿಗೆ ಹೂವು, ಕೆಟ್ಟದ್ದಕ್ಕೆ ಕಲ್ಲು. ಆಮೇಲೆ ಒಂದೊಂದೇ ಕಲ್ಲಿನ ಕತೆಯನ್ನು, ಆಗ ಮೂಗಿಗೆ ಬಡಿದ ವಾಸನೆ ಸಮೇತ, ಮೊದಲಿನಿಂದ ಕೊನೆವರೆಗೆ ಹೇಳಬೇಕು. ಸುಲಭ ಅಲ್ಲ. ಉಗಾಂಡಾದಲ್ಲಿ ಸುಡಾನ್ ನಿರಾಶ್ರಿತರಿಗೆ ಇದು ಫಲ ಕೊಟ್ಟಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಪಿಎಂ ಪ್ಲಸ್, ಅಂದರೆ ಪ್ರಾಬ್ಲಂ ಮ್ಯಾನೇಜ್ಮೆಂಟ್ ಪ್ಲಸ್ ಅನ್ನುವ ಚಿಕ್ಕ ಆಪ್ತಸಲಹೆ, ಬೇರೆ ಥರ. 5 ಭೇಟಿ, ಉಸಿರಾಟದ ಅಭ್ಯಾಸ, ದಿನದ ತಾಪತ್ರಯ ಬಿಡಿಸುವ ದಾರಿ. ಡಾಕ್ಟರೇ ಬೇಕಿಲ್ಲ, ತರಬೇತಿ ಪಡೆದವರು ಸಾಕು. ಆದರೆ ಜೋರ್ಡಾನಿನ ಅಜ್ರಕ್ ಶಿಬಿರದಲ್ಲಿ ಸಿರಿಯನ್ನರಿಗೆ ಗುಂಪಿನಲ್ಲಿ ಕೊಟ್ಟಾಗ ಖಿನ್ನತೆ ಇಳಿಯಿತು, ಹಳೆ ಆಘಾತ ಅಷ್ಟಾಗಿ ಕರಗಲಿಲ್ಲ.

ಬಾಡಿಗೆ, ಕೆಲಸದ ಚಿಂತೆಯೇ ಜಾಸ್ತಿ ಇದ್ದವರಿಗೆ ನಾನು ಪಿಎಂ ಪ್ಲಸ್ಸನ್ನೇ ಹೇಳುತ್ತೇನೆ. ಸುಮ್ನೆ ಕೆದಕುವುದು ಯಾಕೆ, ಅಲ್ವಾ?